ಮಗುವಿನ ತೂಕಕ್ಕಿಂತ ಮೊದಲು ಮನೆಯ ಟೈಂಟೇಬಲ್ ನೋಡಿ

ಶಾಲೆ ಶುರುವಾಗುವ ಮೊದಲು ಮಗನಿಗೆ ಯೂನಿಫಾರ್ಮ್ ಹೊಲಿಸಲು ಹೋಗಿದ್ದೆ. ಟೈಲರ್ ಸೊಂಟಕ್ಕೆ ಟೇಪ್ ಸುತ್ತಿದರು. ಹಳೆಯ ಪುಸ್ತಕ ತೆಗೆದು ನೋಡಿ, "ಹೋದ ವರ್ಷ 26 ಇತ್ತು ಅಕ್ಕ, ಈ ಸಲ 29" ಅಂದರು. ಮನೆಗೆ ಬಂದು ಹೇಳಿದರೆ ಅತ್ತೆಗೆ ಖುಷಿಯೋ ಖುಷಿ. "ಬೆಳೆಯುವ ಮಗು ಅಲ್ವಾ, ಈಗ ಸ್ವಲ್ಪ ಮೈಕೈ ತುಂಬಿಕೊಂಡಿದೆ." ನಮ್ಮ ಮಂಗಳೂರು, ಉಡುಪಿ ಕಡೆ ಮಗು ತೆಳ್ಳಗಿದ್ದರೆ ದಾರಿಯಲ್ಲಿ ಸಿಕ್ಕಿದವರೆಲ್ಲ "ಎಂತ ಮಾರಾಯ್ತಿ, ಮಗು ಬಡವಾಗಿದೆ" ಎಂದು ವಿಚಾರಿಸುತ್ತಾರೆ. ದಪ್ಪಗಾದರೆ ಯಾರೂ ವಿಚಾರಿಸುವುದಿಲ್ಲ.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಅವನ ದೋಸೆ ಎಣಿಸಿದೆ. ಬೈದೆ. ಕರಾಟೆ ಕ್ಲಾಸಿಗೆ ಹಾಕಿದೆ. ಮೂರು ತಿಂಗಳಲ್ಲಿ ತೂಕ ಇಳಿಯಲಿಲ್ಲ. ಅದರ ಬದಲು ಅವನ ದಿಂಬಿನ ಕೆಳಗೆ ಚಾಕಲೇಟ್ ಕಾಗದ ಸಿಕ್ಕಿತು. ಆ ದಿನ ನನಗೆ ಸ್ವಲ್ಪ ಬುದ್ಧಿ ಬಂತು. 9 ವರ್ಷದ ಹುಡುಗ ಅಂಗಡಿಗೆ ಹೋಗಿ ಸಾಮಾನು ತರುವುದಿಲ್ಲ, ಅಡುಗೆ ಮಾಡುವುದಿಲ್ಲ, ಮಲಗುವ ಹೊತ್ತನ್ನು ತೀರ್ಮಾನಿಸುವುದಿಲ್ಲ. ಇದೆಲ್ಲ ಮಾಡುವವರು ನಾವು. ಹಾಗಾದರೆ ಬದಲಾಗಬೇಕಾದವರು ಯಾರು?

ನಮ್ಮ ಮನೆಯಲ್ಲಿ ಯಾವುದು ಕೆಲಸ ಮಾಡಿತು, ಮಕ್ಕಳ ಡಾಕ್ಟರ್ ಏನು ಹೇಳಿಕೊಟ್ಟರು, ಅದನ್ನೇ ಒಂದೊಂದಾಗಿ ಬರೆಯುತ್ತೇನೆ. ಎಲ್ಲವನ್ನೂ ಒಂದೇ ವಾರ ಶುರು ಮಾಡಬೇಡಿ. ಎರಡು ವಾರಕ್ಕೊಂದು ಸಾಕು.

ಮೊದಲು ಅಳೆಯಿರಿ

ಕಣ್ಣಳತೆ ನಂಬಬೇಡಿ. ಸ್ವಂತ ಮಗು ತಾಯಿಗೆ ಯಾವತ್ತೂ ಸಪೂರವಾಗಿಯೇ ಕಾಣುತ್ತದೆ.

ಮಗುವನ್ನು ಚಪ್ಪಲಿ ಇಲ್ಲದೆ ಗೋಡೆಗೆ ಒರಗಿಸಿ ನಿಲ್ಲಿಸಿ, ಎತ್ತರ ಗುರುತು ಮಾಡಿ. ತೂಕ ನೋಡಿ. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಅಳತೆ, ಸಿಗುತ್ತದೆ. ಎತ್ತರ ಮೀಟರ್‌ನಲ್ಲಿರಬೇಕು. ನನ್ನ ಮಗ 135 ಸೆಂಟಿಮೀಟರ್, 42 ಕೆಜಿ. 42ನ್ನು 1.35ರಿಂದ ಎರಡು ಸಲ ಭಾಗಿಸಿದರೆ ಸುಮಾರು 23. ನನ್ನದೂ ಹೆಚ್ಚುಕಮ್ಮಿ ಅಷ್ಟೇ ಇತ್ತು, ಹಾಗಾಗಿ ಸಮಾಧಾನ ಪಟ್ಟುಕೊಂಡೆ. ಅಲ್ಲೇ ಎಡವಿದ್ದು. ಮಕ್ಕಳಿಗೆ ದೊಡ್ಡವರ ಲೆಕ್ಕ ನಡೆಯುವುದಿಲ್ಲ. ವಯಸ್ಸು ಬದಲಾದ ಹಾಗೆ ಗಡಿಯೂ ಬದಲಾಗುತ್ತದೆ, ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ನಲ್ಲಿ 9 ವರ್ಷದ ಹುಡುಗನಿಗೆ ಸುಮಾರು 16 ಎಂಬುದು ನಡುವಿನ ಗೆರೆ. 18ರ ಆಸುಪಾಸಿನಲ್ಲಿ ತೂಕ ಜಾಸ್ತಿ ಎಂಬ ಗಡಿ. 20.5 ದಾಟಿದರೆ ಬೊಜ್ಜು. 23 ಎಲ್ಲಿದೆ ನೋಡಿ.

5ರಿಂದ 18 ವರ್ಷದ ನಮ್ಮ ದೇಶದ ಮಕ್ಕಳಿಗೆಂದೇ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ಚಾರ್ಟ್ ಕೊಟ್ಟಿದೆ. ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ಅದು ಇರುತ್ತದೆ, ಕೇಳಿ ಗುರುತು ಹಾಕಿಸಿಕೊಳ್ಳಿ. ಸಣ್ಣ ಮಕ್ಕಳಾದರೆ ಅಂಗನವಾಡಿಯಲ್ಲೇ ತೂಕ ನೋಡುತ್ತಾರೆ. ತಾಯಿ ಕಾರ್ಡ್‌ನಲ್ಲೂ ಬೆಳವಣಿಗೆಯ ಗೆರೆಗಳಿವೆ. ನಾವು ಅದನ್ನು ಲಸಿಕೆಯ ತಾರೀಕು ನೋಡಲು ಮಾತ್ರ ತೆರೆಯುತ್ತೇವೆ.

ಲೆಕ್ಕ ಬೇಡ ಎನ್ನುವವರಿಗೆ ನೂಲಿನ ಉಪಾಯ ಉಂಟು. ಶಾಲೆಗೆ ಹೋಗುವ ಮಗುವಿನ ಎತ್ತರದಷ್ಟೇ ಉದ್ದದ ನೂಲು ತೆಗೆದುಕೊಳ್ಳಿ. ಸರಿ ಅರ್ಧಕ್ಕೆ ಮಡಚಿ ಹೊಟ್ಟೆಗೆ ಸುತ್ತಿ. ತುದಿಗಳು ಕೂಡದಿದ್ದರೆ ಹೊಟ್ಟೆಯ ಸುತ್ತ ಕೊಬ್ಬು ಜಾಸ್ತಿಯಾಗಿದೆ ಎಂದು ಅರ್ಥ.

ಒಂದು ವಾರ ಸುಮ್ನೆ ಬರೆಯಿರಿ

ಏನನ್ನೂ ಬದಲಿಸಬೇಡಿ. ಹಳೆಯ ನೋಟ್‌ಬುಕ್ ತೆಗೆದು, ಮಗು ತಿಂದದ್ದು, ಕುಡಿದದ್ದು, ಮೊಬೈಲ್ ಮತ್ತು ಟಿವಿ ನೋಡಿದ ಹೊತ್ತು, ಮಲಗಿದ ಹೊತ್ತು, ಎದ್ದ ಹೊತ್ತು ಬರೆಯಿರಿ. ಒಂದು ಕಾಲಂ ಮಾತ್ರ ತಪ್ಪಿಸಬೇಡಿ: ಯಾರು ಕೊಟ್ಟರು?

ನಮ್ಮ ಪುಸ್ತಕದಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಊಟದಲ್ಲಿ ಅಂಥ ದೋಷ ಕಾಣಲಿಲ್ಲ. ಪುಟ ತುಂಬಿದ್ದು ಸಂಜೆ ನಾಲ್ಕೂವರೆಯಿಂದ ಏಳರ ನಡುವೆ. ಶಾಲೆಯಿಂದ ಬಂದ ಕೂಡಲೇ ಅಜ್ಜಿಯ ಕೈಯಿಂದ ಎರಡು ಬನ್ಸ್, ಸಕ್ಕರೆ ಮತ್ತು ಪುಡಿ ಹಾಕಿದ ಹಾಲು. ಟ್ಯೂಷನ್‌ಗೆ ಹೋಗುವಾಗ ಬೇಕರಿಯ ಎಗ್ ಪಫ್ಸ್, ಕೊಡಿಸಿದವಳು ನಾನು. ಟ್ಯೂಷನ್ ಮುಗಿದ ಮೇಲೆ ಗೆಳೆಯನ ಪೊಟ್ಟಣದಿಂದ ಚಿಪ್ಸ್. ಏಳಕ್ಕೆ ಅಪ್ಪ ಬಂದಾಗ ಜೊತೆಗೆ ಇನ್ನೊಂದು ಚಹಾ, ಇನ್ನೆರಡು ಬಿಸ್ಕತ್ತು. ಪ್ರತಿಯೊಬ್ಬರೂ ಒಂದೇ ಸಲ ಕೊಟ್ಟಿದ್ದರು. ಮಗು ನಾಲ್ಕು ಸಲ ತಿಂದಿತ್ತು.

ಲೋಟದಿಂದ ಶುರು ಮಾಡಿ

ಇದನ್ನು ಮೊದಲಿಗೆ ಇಡಲು ಕಾರಣ ಉಂಟು. ಕುಡಿಯುವ ಸಕ್ಕರೆ ಹೊಟ್ಟೆ ತುಂಬಿಸುವುದಿಲ್ಲ, ಹಾಗಾಗಿ ತೆಗೆದರೆ ಮಗುವಿಗೆ ಹಸಿವಿನ ಸಂಕಟವೂ ಆಗುವುದಿಲ್ಲ.

ಮಕ್ಕಳಿಗೆ ದಿನಕ್ಕೆ ಹೊರಗಿನಿಂದ ಸೇರಿಸಿದ ಸಕ್ಕರೆ ಸುಮಾರು 25 ಗ್ರಾಂ ದಾಟಬಾರದು ಎನ್ನುತ್ತಾರೆ. ಅಂದರೆ ಚಹಾ ಚಮಚದಲ್ಲಿ ಆರು. 300 ಎಂಎಲ್ ಕೂಲ್ ಡ್ರಿಂಕ್‌ನಲ್ಲೇ 30 ಗ್ರಾಂ ಆಸುಪಾಸು ಇರುತ್ತದೆ. ಕೂಲ್ ಡ್ರಿಂಕ್ ಕುಡಿಯದ ಮಗುವಾದರೂ ದಿನಕ್ಕೆರಡು ಲೋಟ ಹಾಲಿಗೆ ಎರಡೆರಡು ಚಮಚ ಹಾಕಿದರೆ ನಾಲ್ಕು ಅಲ್ಲೇ ಆಯಿತು. ಹಾಲಿಗೆ ಬೆರೆಸುವ ಪುಡಿಯಲ್ಲಿರುವುದು ಬೇರೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಒಮ್ಮೆ ಕನ್ನಡಕ ಹಾಕಿ ಓದಿ. ಎತ್ತರ ಬೆಳೆಯಲಿ ಎಂದು ನಾವು ಕೊಡುವುದು, ಮಗು ಬೆಳೆದದ್ದು ಅಡ್ಡಕ್ಕೆ.

ಒಮ್ಮೆಲೇ ನಿಲ್ಲಿಸಿದರೆ ಮನೆಯಲ್ಲಿ ಯುದ್ಧ. ವಾರಕ್ಕೆ ಅರ್ಧ ಚಮಚ ಕಡಿಮೆ ಮಾಡಿ. ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಬೆಲ್ಲ, ಜೇನು ಹಾಕಿದರೆ ಪರವಾಗಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ. ಇಲ್ಲ, ದೇಹಕ್ಕೆ ಅದೂ ಸಕ್ಕರೆಯೇ. ಹಣ್ಣಿನ ಜ್ಯೂಸ್ ಬದಲು ಹಣ್ಣನ್ನೇ ಕೊಡಿ. ಬಾಯಾರಿಕೆಗೆ ನೀರು, ನೀರು ಮಜ್ಜಿಗೆ, ಅಪರೂಪಕ್ಕೆ ಎಳನೀರು. ಪುನರ್ಪುಳಿ (ಕೋಕಂ) ಸಿಪ್ಪೆ ನೆನೆಸಿ, ಉಪ್ಪು, ಜೀರಿಗೆ, ಚೂರೇ ಚೂರು ಬೆಲ್ಲ ಹಾಕಿದರೆ ಮಗನಿಗೆ ಬಣ್ಣ ನೋಡಿಯೇ ಖುಷಿ. ಬಾಟಲಿಯಲ್ಲಿ ಬರುವ ಪುನರ್ಪುಳಿ ಸಿರಪ್ ಬೇರೆ ವಿಷಯ, ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ.

ಎರಡು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ರಾಗಿ ಮಣ್ಣಿಗೆ ಸಕ್ಕರೆ ಹಾಕುವ ಅಭ್ಯಾಸವನ್ನೇ ಶುರು ಮಾಡಬೇಡಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ. ಎದೆಹಾಲು ಕುಡಿದ ಮಕ್ಕಳಲ್ಲಿ ಮುಂದೆ ಬೊಜ್ಜಿನ ಸಾಧ್ಯತೆ ಸ್ವಲ್ಪ ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ.

ನಾಲ್ಕೂವರೆಯ ಹಸಿವು

ಸಂಜೆಯ ಹಸಿವು ನಿಜವಾದ ಹಸಿವು. ಬುತ್ತಿ ಊಟ ಆಗಿ ನಾಲ್ಕು ಗಂಟೆ ಕಳೆದಿರುತ್ತದೆ. ಆಗ "ರಾತ್ರಿ ಊಟದವರೆಗೆ ತಾಳು" ಎಂದರೆ ಮಗು ಡಬ್ಬಿ ಹುಡುಕುತ್ತದೆ. ಹಾಗಾಗಿ ಆ ಹೊತ್ತಿಗೆ ಹೊಟ್ಟೆ ತುಂಬುವ ಒಂದು ತಿಂಡಿ, ಒಂದೇ ಸಲ, ಕೂತು ತಿನ್ನುವ ಹಾಗೆ ಕೊಡಿ. ಕಡಲೆ ಅಥವಾ ಹೆಸರುಕಾಳಿನ ಉಸ್ಲಿ, ಬೇಯಿಸಿದ ಮೊಟ್ಟೆ, ಮೊಸರು ಅವಲಕ್ಕಿ, ಬೇಯಿಸಿದ ನೆಲಗಡಲೆ, ಪೇರಳೆ, ಬಾಳೆಹಣ್ಣು. ಬೆಳಗಿನ ಸಜ್ಜಿಗೆ ಬಜಿಲ್ (ಉಪ್ಪಿಟ್ಟು, ಅವಲಕ್ಕಿ) ಉಳಿದಿದ್ದರೆ ಅದೂ ಆಗುತ್ತದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬೆಳಗ್ಗೆಯೇ ಡಬ್ಬಿಯಲ್ಲಿ ಹಾಕಿಟ್ಟು, ಮಗುವಿಗೆ ಎಟುಕುವ ಜಾಗದಲ್ಲಿ ಇಡಿ. ಚಿಪ್ಸ್ ಡಬ್ಬಿಯನ್ನು ಅಡಗಿಸಬೇಡಿ, ತರಲೇಬೇಡಿ. ಅಡಗಿಸಿದ್ದನ್ನು ಮಕ್ಕಳು ಹುಡುಕುವಷ್ಟು ಚೆನ್ನಾಗಿ ಪೊಲೀಸರೂ ಹುಡುಕುವುದಿಲ್ಲ.

ಬನ್ಸ್, ಗೋಳಿಬಜೆ, ಪೋಡಿ ಬಿಡಬೇಕಾ? ಬೇಡ ಮಾರಾಯ್ರೆ. ಮಳೆಗಾಲದ ಸಂಜೆ ಗೋಳಿಬಜೆ ಇಲ್ಲದೆ ಮಂಗಳೂರಿನಲ್ಲಿ ಬದುಕಿ ಏನು ಪ್ರಯೋಜನ. ಆದರೆ ಮೈದಾ, ಸಕ್ಕರೆ, ಎಣ್ಣೆ ಮೂರೂ ಒಟ್ಟಿಗೆ ಇರುವ ಬನ್ಸ್ ದಿನದ ತಿಂಡಿ ಅಲ್ಲ. ನಮ್ಮಲ್ಲಿ ಈಗ ಅದು ಭಾನುವಾರದ ತಿಂಡಿ. ಹಾಗೆ ನೋಡಿದರೆ ನಮ್ಮ ಹಳೆಯ ಅಡುಗೆಯಲ್ಲಿ ಹಬೆಯಲ್ಲಿ ಬೇಯಿಸಿದ್ದೇ ಜಾಸ್ತಿ: ಕಡುಬು, ಮೂಡೆ, ಪತ್ರೊಡೆ. ಎಣ್ಣೆಯ ಬಾಣಲೆ ಹಬ್ಬಕ್ಕೆ ಮಾತ್ರ ಒಲೆ ಏರುತ್ತಿತ್ತು. ಈಗ ದಿನಾ ಹಬ್ಬ.

ಊಟದ ತಟ್ಟೆಗೆ ಒಂದು ಸುಲಭ ಅಳತೆ ಇಟ್ಟುಕೊಳ್ಳಿ. ಅರ್ಧ ತಟ್ಟೆ ಪಲ್ಯ, ತರಕಾರಿ. ಉಳಿದರ್ಧದಲ್ಲಿ ಒಂದು ಪಾಲು ಅನ್ನ, ಇನ್ನೊಂದು ಪಾಲು ಮೀನು, ಮೊಟ್ಟೆ ಅಥವಾ ಕಾಳು. ನಮ್ಮ ಕರಾವಳಿಯ ತಟ್ಟೆ ತಪ್ಪುವುದು ಇಲ್ಲೇ. ಅನ್ನದ ಗುಡ್ಡೆ, ಮೇಲೆ ಗಸಿ, ಬದಿಯಲ್ಲಿ ಚಿಟಿಕೆ ಪಲ್ಯ. ಕುಚ್ಚಲಕ್ಕಿ ಒಳ್ಳೆಯದೇ, ಕೆಂಪು ತೌಡು ಇದ್ದರೆ ನಾರಿನಂಶವೂ ಇರುತ್ತದೆ. ಆದರೆ ಕುಚ್ಚಲಕ್ಕಿ ಎಂದು ಎರಡು ಪಟ್ಟು ಬಡಿಸಿದರೆ ಅದು ಎರಡು ಪಟ್ಟು ಅನ್ನವೇ. ನೀರುದೋಸೆಯೂ ಹಾಗೇ. ತೆಳ್ಳಗೆ ಎಂದು ಮಗು ಎಂಟು ತಿನ್ನುತ್ತದೆ, ಬೆಲ್ಲ ತೆಂಗಿನಕಾಯಿ ಜೊತೆ. ಬದಲು ಕಡಲೆ ಗಸಿ ಕೊಟ್ಟರೆ ನಾಲ್ಕಕ್ಕೇ ಕೈ ನಿಲ್ಲುತ್ತದೆ. ಬಂಗುಡೆ, ಬೂತಾಯಿ ಮೀನಿನ ಪುಳಿಮುಂಚಿ ಸಾರು ಇರಲಿ, ರವಾ ಫ್ರೈ ಯಾವಾಗಾದರೊಮ್ಮೆ.

ಶಾಲೆಯ ಬಗ್ಗೆಯೂ ಒಂದು ಮಾತು. ಶಾಲೆಯ ಕ್ಯಾಂಟೀನ್‌ನಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ, ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸು ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಪೋಷಕರ ಸಭೆಯಲ್ಲಿ ಮಾರ್ಕ್ಸ್ ಬಗ್ಗೆ ಮಾತಾಡಿ ಆದಮೇಲೆ ಇದನ್ನೂ ಕೇಳಬಹುದು. ನಾನು ಕೇಳಿದೆ. ಹೆಡ್‌ಮಾಸ್ಟರ್‌ಗೆ ಅಷ್ಟೇನೂ ಖುಷಿ ಆಗಲಿಲ್ಲ.

ಅಜ್ಜಿ, ಅಪ್ಪ ಮತ್ತು ದುಬೈ ಮಾವ

ಕಷ್ಟದ ಭಾಗ ಇದು. ಅಡುಗೆಮನೆ ಬದಲಿಸಬಹುದು, ಪ್ರೀತಿ ತೋರಿಸುವ ರೀತಿ ಬದಲಿಸುವುದು ಸುಲಭ ಅಲ್ಲ.

ಅತ್ತೆ ಬೆಳೆದ ಕಾಲದಲ್ಲಿ ಸಕ್ಕರೆ ಎಂದರೆ ರೇಷನ್ ಅಂಗಡಿಯ ಸಾಲು. ಮಗುವಿಗೆ ಕೈತುಂಬ ಕೊಡುವುದು ಅವರಿಗೆ ಬರೀ ತಿಂಡಿ ಕೊಟ್ಟ ಹಾಗಲ್ಲ. ಹಾಗಾಗಿ "ಕೊಡಬೇಡಿ" ಎಂದರೆ ಅವರ ಕೈ ಕಟ್ಟಿದ ಹಾಗೆ. ನಾನು ಡಾಕ್ಟರ್ ಹತ್ತಿರ ಅವರನ್ನೇ ಕರೆದುಕೊಂಡು ಹೋದೆ. ಚಾರ್ಟ್‌ನಲ್ಲಿ ಮೊಮ್ಮಗನ ಚುಕ್ಕೆ ಎಲ್ಲಿದೆ ಎಂದು ಅವರೇ ನೋಡಿದರು. ಸೊಸೆ ಹೇಳಿದರೆ ಅದು ಜಗಳ, ಡಾಕ್ಟರ್ ಹೇಳಿದರೆ ಸಲಹೆ. ಆಮೇಲೆ ಸಂಜೆಯ ತಿಂಡಿಯ ಪೂರ್ತಿ ಜವಾಬ್ದಾರಿ ಅವರಿಗೇ ಕೊಟ್ಟೆ. ಕೊಡುವವರು ಒಬ್ಬರೇ ಆದರು, ನಾಲ್ಕು ಸಲದ ತಿಂಡಿ ಒಂದಾಯಿತು.

ಅಪ್ಪ ಅಮ್ಮನ ದೇಹವೂ ಲೆಕ್ಕಕ್ಕೆ ಬರುತ್ತದೆ. ಹೆತ್ತವರಲ್ಲಿ ಬೊಜ್ಜು ಇದ್ದರೆ ಮಗು ದೊಡ್ಡದಾದಾಗ ಬೊಜ್ಜು ಬರುವ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ. ಸ್ವಲ್ಪ ರಕ್ತದಿಂದ, ಸ್ವಲ್ಪ ಒಂದೇ ಸೋಫಾದಿಂದ. ಶನಿವಾರ ರಾತ್ರಿ ಪರೋಟ, ಕಬಾಬ್ ಪಾರ್ಸೆಲ್ ತಂದು ಟಿವಿ ಮುಂದೆ ಕೂರುವ ಅಪ್ಪ ಮಗನಿಗೆ ಮಾತ್ರ ಸೌತೆಕಾಯಿ ಕೊಟ್ಟರೆ ಮಗ ಏನು ಕಲಿಯುತ್ತಾನೆ? ನಿಯಮ ಇಡೀ ಮನೆಗೆ ಇರಲಿ. ತೆಳ್ಳಗಿನ ತಂಗಿಗೂ ಅದೇ ತಿಂಡಿ, ಅದೇ ಹಾಲು. ಒಂದೇ ಮಗುವಿಗೆ ಕಟ್ಟು ಹಾಕಿದರೆ ಚಾಕಲೇಟ್ ಕಾಗದ ದಿಂಬಿನ ಕೆಳಗೆ ಹೋಗುತ್ತದೆ.

ಇನ್ನು ಗಲ್ಫ್ ಪೆಟ್ಟಿಗೆ. ಮಾವ ಊರಿಗೆ ಬಂದರೆ ಕಿಲೋಗಟ್ಟಲೆ ಚಾಕಲೇಟ್. ಬೇಡ ಎನ್ನಲು ಆಗುವುದಿಲ್ಲ. ಬಂದ ದಿನವೇ ಪಾಲು ಮಾಡಿ, ಅಕ್ಕಪಕ್ಕದ ಮನೆಗೆ, ಆಫೀಸಿಗೆ, ಕ್ಲಾಸಿಗೆ ಹಂಚಿ. ಉಳಿದದ್ದರಲ್ಲಿ ದಿನಕ್ಕೊಂದು ಚಿಕ್ಕದು, ಊಟ ಆದಮೇಲೆ. ಮುಂದಿನ ಸಲ ಫೋನ್‌ನಲ್ಲಿ ಮೊದಲೇ ಹೇಳಿ, "ಅಣ್ಣ, ಇವನಿಗೆ ಈ ಸಲ ಫುಟ್‌ಬಾಲ್ ಶೂ ತನ್ನಿ." ನಮ್ಮ ಮನೆಗೆ ಶೂ ಬಂತು. ಚಾಕಲೇಟೂ ಬಂತು, ಆದರೆ ಅರ್ಧ ಕಿಲೋ.

ತಟ್ಟೆ ಖಾಲಿ ಮಾಡು ಎಂಬ ಒತ್ತಾಯ ಬಿಡಿ. ಏನು, ಯಾವಾಗ, ಎಲ್ಲಿ ತಿನ್ನುವುದು ಎಂಬುದು ದೊಡ್ಡವರ ತೀರ್ಮಾನ. ಎಷ್ಟು ಎಂಬುದು ಮಗುವಿನದು. ಮಾರ್ಕ್ಸ್ ಬಂದದ್ದಕ್ಕೆ ಗಡ್‌ಬಡ್ ಐಸ್‌ಕ್ರೀಮ್, ಇಂಜೆಕ್ಷನ್‌ಗೆ ಅತ್ತದ್ದಕ್ಕೆ ಕ್ಯಾಡ್ಬರಿ ಎಂಬ ಲಂಚವೂ ಬೇಡ. ಗಡ್‌ಬಡ್ ತಿನ್ನಿಸಿ, ಉಡುಪಿಯವರು ತಿನ್ನದೆ ಇನ್ಯಾರು ತಿನ್ನಬೇಕು. ಬಹುಮಾನ ಮಾಡಬೇಡಿ, ಅಷ್ಟೇ.

ನಿದ್ದೆಯನ್ನು ಹಿಂದಿನಿಂದ ಎಣಿಸಿ

6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಹದಿಹರೆಯದವರಿಗೆ 8ರಿಂದ 10. ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ಹಾರ್ಮೋನ್ ಏರುತ್ತದೆ, ಸಾಕು ಎನ್ನುವ ಹಾರ್ಮೋನ್ ಇಳಿಯುತ್ತದೆ. ಮರುದಿನ ಮಗು ಸಿಹಿ, ಕರಿದದ್ದನ್ನೇ ಕೇಳುತ್ತದೆ. ಆಡಲು ತ್ರಾಣವೂ ಇರುವುದಿಲ್ಲ.

ನಮ್ಮಲ್ಲಿ ವ್ಯಾನ್ ಬರುವುದು 7.15ಕ್ಕೆ. ಏಳುವುದು 6.15ಕ್ಕೆ. 9 ಗಂಟೆ ನಿದ್ದೆ ಬೇಕಾದರೆ 9.15ಕ್ಕೆ ಕಣ್ಣು ಮುಚ್ಚಿರಬೇಕು. ನಾವು ಮಲಗುತ್ತಿದ್ದದ್ದು ಹತ್ತೂವರೆಗೆ. ಹಾಗಾಗಿ ರಾತ್ರಿ ಊಟವನ್ನೇ ಏಳೂವರೆಗೆ ತಂದೆವು. ಧಾರಾವಾಹಿ ಮರುದಿನ ಮೊಬೈಲ್‌ನಲ್ಲಿ ನೋಡುವುದಾಗಿ ಅತ್ತೆ ಒಪ್ಪಿದರು. ಇದೊಂದು ಸಾಹಸವೇ.

ಊಟದ ಹೊತ್ತಿಗೆ ಪರದೆ ಬೇಡ. ಯೂಟ್ಯೂಬ್ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಎರಡು ವರ್ಷದೊಳಗೆ ಮೊಬೈಲ್ ಬೇಡವೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು. ಚಾರ್ಜರ್ ಹಾಲ್‌ನಲ್ಲಿ ಇಡಿ, ಮಲಗುವ ಕೋಣೆಯಲ್ಲಿ ಅಲ್ಲ. ಎಲ್ಲರದ್ದೂ.

ಮಳೆಗಾಲದಲ್ಲಿ ಆಟ

ಶಾಲೆಗೆ ಹೋಗುವ ಮಕ್ಕಳು ದಿನಕ್ಕೆ 60 ನಿಮಿಷ ಏದುಸಿರು ಬರುವ ಹಾಗೆ ಆಡಬೇಕು. ಒಂದೇ ಸಲ ಆಗಬೇಕೆಂದಿಲ್ಲ, ಇಪ್ಪತ್ತಿಪ್ಪತ್ತು ನಿಮಿಷ ಮೂರು ಸಲವಾದರೂ ಆಯಿತು.

ಅಕ್ಟೋಬರ್‌ನಿಂದ ಮೇ ತನಕ ನಮಗೆ ನೆಪ ಇಲ್ಲ. ಕದ್ರಿ ಪಾರ್ಕ್, ಅಜ್ಜರಕಾಡು ಮೈದಾನ, ಪಣಂಬೂರು, ಮಲ್ಪೆ ಬೀಚ್. ಮರಳಿನಲ್ಲಿ ಓಡುವುದು ರಸ್ತೆಯಲ್ಲಿ ಓಡುವುದಕ್ಕಿಂತ ಕಷ್ಟ, ಮಕ್ಕಳಿಗೆ ಅದು ಗೊತ್ತಾಗುವುದೇ ಇಲ್ಲ. ತೊಂದರೆ ಜೂನ್‌ನಿಂದ ಸೆಪ್ಟೆಂಬರ್. ಡಿಸಿ ರಜೆ ಕೊಟ್ಟರೆ ಮಗು ಇಡೀ ದಿನ ಸೋಫಾದಲ್ಲಿ. ಕಡಲಿಗಂತೂ ಆಗ ಇಳಿಸಲೇಬಾರದು.

ಫ್ಲ್ಯಾಟ್‌ನಲ್ಲಿ ನಾವು ಮಾಡುವುದು ಇಷ್ಟು. ಹಗ್ಗದಾಟ, ಕೆಳಗಿನ ಪಾರ್ಕಿಂಗ್‌ನಲ್ಲಿ ಶಟ್ಲ್, ಲಿಫ್ಟ್ ಬದಲು ಮೆಟ್ಟಿಲು. ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಹುಲಿವೇಷದ ಕುಣಿತ. ಮೊಬೈಲ್‌ನಲ್ಲಿ ತಾಸೆಯ ಬಡಿತ ಹಾಕಿದರೆ ಅಣ್ಣ ತಂಗಿ ಇಬ್ಬರೂ ಹದಿನೈದು ನಿಮಿಷ ಬೆವರು ಸುರಿಸಿ ಕುಣಿಯುತ್ತಾರೆ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿಡಿ. ಯಕ್ಷಗಾನದ ಹೆಜ್ಜೆ ಕಲಿಸುವವರು ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಚೆನ್ನೆಮಣೆ ಆಟಿ ತಿಂಗಳಿಗೆ ಚಂದ, ಆದರೆ ಅದು ಕೂತು ಆಡುವ ಆಟ, ಲೆಕ್ಕಕ್ಕೆ ಬರುವುದಿಲ್ಲ.

ಆಟದಿಂದಲೇ ತೂಕ ಇಳಿಯುತ್ತದೆ ಎಂದು ಕಾಯಬೇಡಿ. ನನ್ನ ಕರಾಟೆ ಪ್ರಯೋಗ ಸೋತದ್ದು ಅದಕ್ಕೇ. ಕ್ಲಾಸ್ ಮುಗಿದ ಮೇಲೆ ದಣಿದಿದ್ದಾನೆ ಎಂದು ಗ್ಲೂಕೋಸ್ ನೀರು, ಬೇಕರಿ. ಒಂದು ಗಂಟೆಯ ಆಟಕ್ಕೆ ನೀರು ಸಾಕು.

ಮಾತು ಮತ್ತು ಗುರಿ

ಗುಂಡ, ಡುಮ್ಮ, ಆನೆಮರಿ. ಪ್ರೀತಿಯಿಂದ ಕರೆದರೂ ಬೇಡ. ಗೇಲಿ ಕೇಳಿದ ಮಗು ಆಟದಿಂದ ದೂರ ಹೋಗುತ್ತದೆ, ಬೇಸರಕ್ಕೆ ಇನ್ನಷ್ಟು ತಿನ್ನುತ್ತದೆ. ಮನೆಗೆ ಬಂದ ನೆಂಟರು ಅಂದರೆ ಅಲ್ಲೇ ತಡೆಯಿರಿ. ತೂಕದ ಮೇಲೆ ದಿನಾ ನಿಲ್ಲಿಸಬೇಡಿ. ತಿಂಗಳಿಗೊಮ್ಮೆ ಸಾಕು.

ಗುರಿ ಏನು? ಹೆಚ್ಚಿನ ಮಕ್ಕಳಿಗೆ ತೂಕ ಇಳಿಸುವ ಅಗತ್ಯವೇ ಇಲ್ಲ, ನಿಲ್ಲಿಸಿದರೆ ಸಾಕು. ಈ ವಯಸ್ಸಿನಲ್ಲಿ ಮಗು ವರ್ಷಕ್ಕೆ 5ರಿಂದ 6 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ನನ್ನ ಮಗ ಒಂದು ವರ್ಷ 42 ಕೆಜಿಯಲ್ಲೇ ಉಳಿದು 141 ಸೆಂಟಿಮೀಟರ್ ಆದರೆ ಅವನ ಬಿಎಂಐ 23ರಿಂದ 21ಕ್ಕೆ ಬರುತ್ತದೆ. ಒಂದು ಕೆಜಿಯೂ ಕರಗಿಸದೆ. ಈ ಲೆಕ್ಕ ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬಂತು. ನೆಟ್‌ನಲ್ಲಿ ಸಿಗುವ ಡಯಟ್ ಪಟ್ಟಿ, ತೂಕ ಇಳಿಸುವ ಪುಡಿ, ಉಪವಾಸ ಯಾವುದನ್ನೂ ಬೆಳೆಯುವ ಮಗುವಿಗೆ ಮಾಡಿಸಬೇಡಿ.

ಡಾಕ್ಟರ್ ಹತ್ತಿರ ಯಾವಾಗ

ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಕಪ್ಪಗೆ ದಪ್ಪ ಚರ್ಮ ಕಂಡರೆ ಕೊಳೆ ಎಂದು ಉಜ್ಜಬೇಡಿ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ರಾತ್ರಿ ಜೋರು ಗೊರಕೆ, ನಡುವೆ ಉಸಿರು ನಿಂತ ಹಾಗೆ ಆಗುವುದು, ಮಂಡಿ ಅಥವಾ ಸೊಂಟದ ನೋವಿಗೆ ಕುಂಟುವುದು, ಹುಡುಗಿಯರಲ್ಲಿ ಮುಟ್ಟು ಏರುಪೇರಾಗುವುದು, ಇವಕ್ಕೆಲ್ಲ ತಡ ಮಾಡಬೇಡಿ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಅದೇ ದಿನ ಹೋಗಿ. ಬಿಪಿ, ಸಕ್ಕರೆ, ಲಿವರ್ ಪರೀಕ್ಷೆ ಬೇಕಾ ಎಂದು ಅವರು ಹೇಳುತ್ತಾರೆ.

"ಥೈರಾಯ್ಡ್ ಇರಬೇಕು" ಎಂದು ನಾವೆಲ್ಲ ಆಸೆಪಡುತ್ತೇವೆ, ಮಾತ್ರೆಯಲ್ಲಿ ಮುಗಿಯುತ್ತದಲ್ಲ ಅಂತ. ದಪ್ಪಗಿದ್ದೂ ಓರಗೆಯವರಿಗಿಂತ ಗಿಡ್ಡ ಉಳಿದ ಮಗುವಿಗೆ ಆ ಅನುಮಾನ ಸರಿ. ದಪ್ಪವೂ ಇದ್ದು ಎತ್ತರವೂ ಚೆನ್ನಾಗಿದ್ದರೆ ಕಾರಣ ಹೆಚ್ಚಾಗಿ ಹಾರ್ಮೋನ್ ಅಲ್ಲ.

ಹೋಗುವಾಗ ಆ ವಾರದ ನೋಟ್‌ಬುಕ್ ಕೈಯಲ್ಲಿರಲಿ. ಡಾಕ್ಟರ್ ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಉಂಟು. ಅವರು ಮೊದಲು ನೋಡುವುದು "ಯಾರು ಕೊಟ್ಟರು" ಎಂಬ ಕಾಲಂ. ನಮ್ಮ ಡಾಕ್ಟರ್ ಅದನ್ನು ಓದಿ, ಮಗನನ್ನು ಹೊರಗೆ ಮೀನಿನ ತೊಟ್ಟಿ ನೋಡಲು ಕಳಿಸಿ, ನಮ್ಮ ಮೂವರ ಜೊತೆ ಇಪ್ಪತ್ತು ನಿಮಿಷ ಮಾತಾಡಿದರು.